'ನಾವು' ಎಂಬ ಪದದೊಳಗೆ ಯಾರಿದ್ದರು?

ಕಳೆದ ವರ್ಷ ಒಂದು ಪದವಿ ಕಾಲೇಜಿನವರು ಕಥೆ ಬರೆಯುವುದರ ಬಗ್ಗೆ ಮಾತನಾಡಿ ಎಂದು ಕರೆದಿದ್ದರು. ಮಾತು ಮುಗಿದ ಮೇಲೆ ಇತಿಹಾಸ ವಿಭಾಗದ ಕೋಣೆಯಲ್ಲಿ ಚಹಾ ಕೊಟ್ಟರು. ಮೇಜಿನ ಮೇಲೆ ಅಮೆರಿಕದ ಇತಿಹಾಸದ ಒಂದು ಗೈಡು ಬಿದ್ದಿತ್ತು. ಪುಟ ತಿರುವುತ್ತಾ, "ಇದರಲ್ಲಿ ನಿಮಗೆ ಯಾವ ಭಾಗ ಇಷ್ಟವಾಯಿತು?" ಎಂದು ಅಲ್ಲಿದ್ದ ವಿದ್ಯಾರ್ಥಿಗಳನ್ನು ಕೇಳಿದೆ.

ಒಬ್ಬ ಹುಡುಗ ನಗುತ್ತಾ ಹೇಳಿದ, "ಸಾರ್, ಅಮೆರಿಕಕ್ಕೆ ಹೋಗೋದು ಹೇಗೆ ಅಂತ ಇದ್ರೆ ಇಷ್ಟ ಆಗ್ತಿತ್ತು. ನಮ್ಮ ಅಣ್ಣ ಅಲ್ಲೇ ಇದ್ದಾನೆ." ಪಕ್ಕದಲ್ಲಿ ಕುಳಿತಿದ್ದ, ಗಡ್ಡ ಈಗಷ್ಟೇ ಮೂಡುತ್ತಿದ್ದ ಇನ್ನೊಬ್ಬ ಹುಡುಗನ ಮುಖ ಬಿಗಿಯಿತು. "ಇರಾಕನ್ನು ಹಾಳು ಮಾಡಿದವರ ಚರಿತ್ರೆ ನಮಗ್ಯಾಕೆ ಸಾರ್?" ಎಂದ. ಮೂಲೆಯಲ್ಲಿದ್ದ ಹುಡುಗಿ ಇಬ್ಬರ ಮಾತನ್ನೂ ಕೇಳಿ, "ಅದೆಲ್ಲ ಇರಲಿ, ಪರೀಕ್ಷೆಗೆ ಯಾವುದು ಮುಖ್ಯ ಅಂತ ಹೇಳಿ ಸಾರ್" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಊರಿಗೆ ಮರಳುವಾಗ ಆ ಮೂರು ಮಾತುಗಳು ಬೆನ್ನು ಬಿಡಲಿಲ್ಲ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಏಳನೆಯ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಅಲ್ಲಿ ಇತಿಹಾಸಕ್ಕೆ 'ತಾರೀಖ್' ಎನ್ನುತ್ತಿದ್ದರು. ದಿನಾಂಕಕ್ಕೂ ಅದೇ ಪದ. ಹಾಗಾಗಿ ತಾರೀಖು ಬಾಯಿಪಾಠ ಮಾಡಿದರೆ ಇತಿಹಾಸ ಬಂದಂತೆಯೇ ಎಂದು ನಾವು ತಿಳಿದಿದ್ದೆವು. ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದಾಗಲೂ ಸ್ಥಿತಿ ಬದಲಾಗಲಿಲ್ಲ. ಬೋಸ್ಟನ್ ಟೀ ಪಾರ್ಟಿ 1773, ಸ್ವಾತಂತ್ರ್ಯ ಘೋಷಣೆ 1776, ಕಾರಣಗಳು ಐದು, ಪರಿಣಾಮಗಳು ಐದು. ಬರೆದೆವು, ಅಂಕ ಪಡೆದೆವು, ಮರೆತೆವು. ಆದರೆ ಉರ್ದುವಿನಲ್ಲಿ ಇನ್ನೊಂದು ಪದವೂ ಇದೆ, 'ಇಬ್ರತ್'. ಇತರರ ಬದುಕಿಗೆ ಏನಾಯಿತೆಂದು ನೋಡಿ ತಾನು ಕಲಿಯುವ ಪಾಠ ಎಂದು ಅದರ ಅರ್ಥ. ಅದರ ಅರಬ್ಬಿ ಧಾತುವಿಗೆ 'ದಾಟು' ಎಂಬ ಅರ್ಥವಿದೆ. ಹೊಳೆಯ ಈ ದಡದಿಂದ ಆ ದಡಕ್ಕೆ ದಾಟಿದಂತೆ, ಕಂಡ ಘಟನೆಯಿಂದ ಅದರ ಹಿಂದಿನ ಕಾಣದ ಸತ್ಯಕ್ಕೆ ದಾಟುವುದು. ಹದಿನಾಲ್ಕನೆಯ ಶತಮಾನದ ಮಹಾ ಇತಿಹಾಸಕಾರ ಇಬ್ನ್ ಖಲ್ದೂನ್ ತಮ್ಮ ಗ್ರಂಥಕ್ಕೆ ಈ ಪದದಿಂದಲೇ 'ಕಿತಾಬುಲ್ ಇಬರ್' ಎಂದು ಹೆಸರಿಟ್ಟರು. ಅಮೆರಿಕದ ಚರಿತ್ರೆಯಲ್ಲಿ ನಮ್ಮ ಹುಡುಗರಿಗೆ ತಾರೀಖು ಸಿಗುತ್ತಿದೆ, ಇಬ್ರತ್ ಸಿಗುತ್ತಿಲ್ಲ. ಇದು ನನ್ನ ಕೊರಗು.

ಆರಂಭದಿಂದಲೇ ನೋಡೋಣ. 1776ರ ಘೋಷಣೆಯಲ್ಲಿ ಮನುಷ್ಯರೆಲ್ಲರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ ಎಂಬ ಮಾತಿದೆ. ಅದರ ಕರಡು ಬರೆದ ಥಾಮಸ್ ಜೆಫರ್ಸನ್ ತಮ್ಮ ಜೀವಿತಾವಧಿಯಲ್ಲಿ ಆರುನೂರಕ್ಕೂ ಹೆಚ್ಚು ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಒಂದು ಭಾಗವೂ ಇತ್ತು, ಕಾಂಗ್ರೆಸ್ ಅದನ್ನು ಕಿತ್ತುಹಾಕಿತು. 1787ರಲ್ಲಿ ರಚಿಸಿದ ಸಂವಿಧಾನ 'ನಾವು, ಜನರು' ಎಂಬ ಅರ್ಥದ ಪದಗಳಿಂದ ಆರಂಭವಾಗುತ್ತದೆ. ಅದೇ ಸಂವಿಧಾನದಲ್ಲಿ, ಪ್ರತಿನಿಧಿಗಳ ಸಂಖ್ಯೆ ನಿರ್ಧರಿಸಲು ಜನರನ್ನು ಲೆಕ್ಕ ಹಾಕುವಾಗ ಗುಲಾಮರಲ್ಲಿ ಐದು ಜನರನ್ನು ಮೂವರೆಂದು ಎಣಿಸಬೇಕೆಂದು ಬರೆಯಲಾಯಿತು. ಆ ಲೆಕ್ಕದಿಂದ ಹೆಚ್ಚಿದ್ದು ಗುಲಾಮರ ಬಲವಲ್ಲ, ಅವರ ಮಾಲೀಕರ ಬಲ. ಇನ್ನೂ ಒಂದು ವಿಚಿತ್ರವೆಂದರೆ, ಮೂಲ ಸಂವಿಧಾನದಲ್ಲಿ ಎಲ್ಲಿಯೂ 'ಗುಲಾಮ' ಎಂಬ ಪದವನ್ನೇ ಬಳಸಿಲ್ಲ. ನಾಚಿಕೆಯಾದಾಗ ಮನುಷ್ಯ ಪದ ಬದಲಿಸುತ್ತಾನೆ, ಕೆಲಸ ಬದಲಿಸುವುದಿಲ್ಲ. 1790ರ ಪೌರತ್ವ ಕಾನೂನು ಬಂದಾಗ, ಹೊರಗಿನಿಂದ ಬಂದವರಲ್ಲಿ 'ಸ್ವತಂತ್ರ ಬಿಳಿಯ'ರಿಗೆ ಮಾತ್ರ ಬಾಗಿಲು ತೆರೆಯಿತು. ಆ ನೆಲದ ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಸಿಗಲು 1924ರವರೆಗೆ ಕಾಯಬೇಕಾಯಿತು. 'ನಾವು' ಎಂದು ಬರೆದ ಕೈಗಳು ಯಾರನ್ನು ಆ ಪದದೊಳಗೆ ಸೇರಿಸಿದ್ದವು, ಯಾರನ್ನು ಹೊಸ್ತಿಲಾಚೆ ನಿಲ್ಲಿಸಿದ್ದವು? ಅಮೆರಿಕದ ಇತಿಹಾಸವೆಂದರೆ ಈ ಒಂದು ಪ್ರಶ್ನೆಯ ಸುತ್ತ ಇನ್ನೂರೈವತ್ತು ವರ್ಷ ನಡೆದ ಜಗಳ ಎಂದರೆ ತಪ್ಪಾಗದು.

ಹಾಗೆಂದು ಜೆಫರ್ಸನ್ನರನ್ನು ಕಪಟಿ ಎಂದು ಪಕ್ಕಕ್ಕಿಟ್ಟುಬಿಡುವುದೂ ಸುಲಭವಲ್ಲ. ಕಾನೂನು ವಿದ್ಯಾರ್ಥಿಯಾಗಿದ್ದಾಗ 1765ರಲ್ಲಿ ಅವರು ಕುರ್‌ಆನ್‌ನ ಇಂಗ್ಲಿಷ್ ಅನುವಾದವೊಂದನ್ನು ಕೊಂಡಿದ್ದರು. ಆ ಪ್ರತಿ ಇಂದಿಗೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. 2007ರ ಜನವರಿಯಲ್ಲಿ ಅಮೆರಿಕದ ಸಂಸತ್ತಿನ ಮೊದಲ ಮುಸ್ಲಿಂ ಸದಸ್ಯ ಕೀತ್ ಎಲಿಸನ್ ಅದೇ ಪ್ರತಿಯ ಮೇಲೆ ಕೈಯಿಟ್ಟು ಪ್ರಮಾಣ ಸ್ವೀಕರಿಸಿದರು. 1797ರಲ್ಲಿ ಅಮೆರಿಕದ ಸೆನೆಟ್ ಸರ್ವಾನುಮತದಿಂದ ಅಂಗೀಕರಿಸಿದ ಟ್ರಿಪೋಲಿ ಒಪ್ಪಂದದಲ್ಲಿ, ತಮ್ಮ ಸರಕಾರ ಕ್ರೈಸ್ತ ಧರ್ಮದ ಆಧಾರದ ಮೇಲೆ ನಿಂತದ್ದಲ್ಲ, ಮುಸಲ್ಮಾನರ ಮೇಲೆ ತಮಗೆ ದ್ವೇಷವಿಲ್ಲ ಎಂದು ಸ್ಪಷ್ಟವಾಗಿ ಹೇಳಲಾಗಿದೆ. ಇರಾಕಿನ ಮಾತೆತ್ತಿದ ಆ ಹುಡುಗನಿಗೆ ಇದೂ ಗೊತ್ತಿರಬೇಕು. ಆದರೆ ಇದೇ ಕಾಲದಲ್ಲಿ, ಅದೇ ನೆಲದ ಹತ್ತಿಯ, ಭತ್ತದ ಹೊಲಗಳಲ್ಲಿ ಸಾವಿರಾರು ಮುಸಲ್ಮಾನರು ಗುಲಾಮರಾಗಿ ದುಡಿಯುತ್ತಿದ್ದರು ಎಂಬುದೂ ಗೊತ್ತಿರಬೇಕು. ಅವರು ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದವರು.

ಅವರಲ್ಲೊಬ್ಬರು ಉಮರ್ ಇಬ್ನ್ ಸಈದ್. ಇಂದಿನ ಸೆನೆಗಲ್ ಪ್ರದೇಶದಲ್ಲಿ ಸುಮಾರು 1770ರಲ್ಲಿ ಹುಟ್ಟಿ, ಇಪ್ಪತ್ತೈದು ವರ್ಷ ಧಾರ್ಮಿಕ ವಿದ್ಯೆ ಕಲಿತ ವಿದ್ವಾಂಸ. 1807ರಲ್ಲಿ ಅವರನ್ನು ಹಿಡಿದು ಹಡಗಿನಲ್ಲಿ ಚಾರ್ಲ್ಸ್‌ಟನ್ ಬಂದರಿಗೆ ತಂದು ಮಾರಿದರು. ಕ್ರೂರಿ ಮಾಲೀಕನಿಂದ ತಪ್ಪಿಸಿಕೊಂಡು ಓಡಿ ಉತ್ತರ ಕೆರೊಲಿನಾದಲ್ಲಿ ಸಿಕ್ಕಿಬಿದ್ದರು. ಜೈಲಿನ ಗೋಡೆಗಳ ಮೇಲೆ ಅವರು ಅರಬ್ಬಿಯಲ್ಲಿ ಬರೆಯತೊಡಗಿದಾಗ ಊರಿನ ಜನ ನೋಡಲು ನೆರೆದರು. ಗುಲಾಮನಿಗೆ ಅಕ್ಷರ ಬರುತ್ತದೆ ಎಂಬುದೇ ಅವರಿಗೆ ಸೋಜಿಗ! 1831ರಲ್ಲಿ ಉಮರ್ ತಮ್ಮ ಆತ್ಮಕಥೆಯನ್ನು ಅರಬ್ಬಿಯಲ್ಲಿ ಬರೆದರು. ಕೇವಲ ಹದಿನೈದು ಪುಟ. ಅಮೆರಿಕದಲ್ಲಿ ಗುಲಾಮರಾಗಿದ್ದವರು ಅರಬ್ಬಿಯಲ್ಲಿ ಬರೆದ ಆತ್ಮಕಥೆಗಳಲ್ಲಿ ಇಂದು ಉಳಿದಿರುವುದು ಇದೊಂದೇ ಎಂದು ವಿದ್ವಾಂಸರು ಹೇಳುತ್ತಾರೆ. 2017ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಇದರ ಹಸ್ತಪ್ರತಿಯನ್ನು ಪಡೆದುಕೊಂಡಿತು.

ಕಥೆಗಾರನಾಗಿ ನನ್ನನ್ನು ಈ ಹದಿನೈದು ಪುಟಗಳು ಬಹಳ ಕಾಡಿವೆ. ಉಮರ್ ಅದರಲ್ಲಿ ತಮ್ಮ ಎರಡನೆಯ ಮಾಲೀಕನನ್ನು ಹೊಗಳುತ್ತಾರೆ. ತಾವು ಈಗ ಕ್ರೈಸ್ತರಂತೆ ಪ್ರಾರ್ಥಿಸುವುದಾಗಿಯೂ ಹೇಳುತ್ತಾರೆ. ಇದನ್ನೇ ಹಿಡಿದು, ನೋಡಿ, ಗುಲಾಮರು ಸುಖವಾಗಿಯೇ ಇದ್ದರು ಎಂದವರಿದ್ದಾರೆ. ಆದರೆ ಮಾಲೀಕನ ಸೂರಿನಡಿ ಕುಳಿತ ಗುಲಾಮ ಇನ್ನೇನು ಬರೆಯಬಲ್ಲ? ಬರಹದ ಆರಂಭವನ್ನು ನೋಡಿ. ಅವರು ತಮ್ಮ ಕಥೆ ಶುರು ಮಾಡುವ ಮೊದಲು ಕುರ್‌ಆನ್‌ನ 'ಅಲ್ ಮುಲ್ಕ್' ಅಧ್ಯಾಯವನ್ನು ನೆನಪಿನಿಂದ ಬರೆಯುತ್ತಾರೆ. ಮುಲ್ಕ್ ಎಂದರೆ ಒಡೆತನ, ಪ್ರಭುತ್ವ. ಎಲ್ಲ ಒಡೆತನವೂ ಅಲ್ಲಾಹನ ಕೈಯಲ್ಲಿದೆ ಎಂಬುದು ಆ ಅಧ್ಯಾಯದ ಮೊದಲ ಮಾತು. ಮನುಷ್ಯನೊಬ್ಬ ತನ್ನನ್ನು 'ಒಡೆಯ' ಎಂದು ಕರೆದುಕೊಳ್ಳುವ ಮನೆಯಲ್ಲಿ, ಆ ಒಡೆಯನಿಗೆ ಓದಲು ಬಾರದ ಲಿಪಿಯಲ್ಲಿ, ಒಡೆತನ ನಿನ್ನದಲ್ಲ ಎಂದು ಬರೆದಿಟ್ಟಂತೆ ನನಗೆ ಕಾಣುತ್ತದೆ. ಗುಲಾಮಗಿರಿ ರದ್ದಾಗುವ ಮೊದಲೇ ಉಮರ್ ತೀರಿಕೊಂಡರು. ಆದರೆ ಅವರ ಕಾಗದ ಉಳಿಯಿತು. ಕಾಲೇಜು ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ ಇದು: ದಾಖಲೆಯನ್ನು ಓದುವಾಗ ಬರೆದವನ ಕೈ ಯಾರ ಹಿಡಿತದಲ್ಲಿತ್ತು ಎಂದು ಕೇಳಬೇಕು. ಹೇಳಿದ್ದರ ಜೊತೆಗೆ, ಹೇಳಲಾಗದೆ ಹೋದದ್ದನ್ನೂ ಓದಬೇಕು.

ಇಲ್ಲಿ ನಮ್ಮ ಜನರಿಗೂ ಒಂದು ಮಾತು ಹೇಳಬೇಕು. ಬಿಳಿಯರ ಕ್ರೌರ್ಯವನ್ನು ಓದಿ ನಾವು ಸಮಾಧಾನದಿಂದ ಕೈತೊಳೆದುಕೊಳ್ಳುವಂತಿಲ್ಲ. ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರದಲ್ಲಿ ಅರಬ್ ವರ್ತಕರಿದ್ದರು, ಮುಸ್ಲಿಂ ದೊರೆಗಳಿದ್ದರು, ಪೋರ್ಚುಗೀಸರಿದ್ದರು. ಅದರ ಗುರುತು ನಮ್ಮ ಕಣ್ಣೆದುರೇ ಇದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರು ಹಾಗೆ ಆಫ್ರಿಕಾದಿಂದ ಬಂದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಪರಿಶಿಷ್ಟ ಪಂಗಡವೆಂಬ ಮಾನ್ಯತೆ ಅವರಿಗೆ ಸಿಕ್ಕಿದ್ದು 2003ರಲ್ಲಿ. ಅಮೆರಿಕದ ಗುಲಾಮಗಿರಿಯ ಬಗ್ಗೆ ಪುಟಗಟ್ಟಲೆ ಬರೆಯುವ ನಮ್ಮ ವಿದ್ಯಾರ್ಥಿ ಎಂದಾದರೂ ಒಬ್ಬ ಸಿದ್ದಿ ಅಜ್ಜಿಯ ಪಕ್ಕ ಕುಳಿತು ಅವಳ ಕಥೆ ಕೇಳಿದ್ದಾನೆಯೇ?

ಮುಂದಿನ ಪಾಠ ನ್ಯಾಯಾಲಯಕ್ಕೆ ಸಂಬಂಧಿಸಿದ್ದು. ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆಗಾಗಿ ಸುಪ್ರೀಂ ಕೋರ್ಟ್‌ವರೆಗೂ ಹೋದ. 1857ರಲ್ಲಿ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ, ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ ಅಮೆರಿಕದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಎಂದು ತೀರ್ಪಿತ್ತರು. ದೇಶದ ಅತ್ಯುನ್ನತ ನ್ಯಾಯಪೀಠವೇ ಅನ್ಯಾಯವನ್ನು ಕಾನೂನು ಎಂದಾಗ ಎಲ್ಲಿಗೆ ಹೋಗಬೇಕು? ನಾಲ್ಕು ವರ್ಷಗಳಲ್ಲಿ ದೇಶವೇ ಯುದ್ಧಕ್ಕಿಳಿಯಿತು. 1861ರಿಂದ 1865ರವರೆಗಿನ ಆ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆ ಬಳಿಕ ಮೂರು ತಿದ್ದುಪಡಿಗಳು ಬಂದವು. 1865ರ ಹದಿಮೂರನೆಯದು ಗುಲಾಮಗಿರಿಯನ್ನು ಅಳಿಸಿತು. 1868ರ ಹದಿನಾಲ್ಕನೆಯದು ಆ ನೆಲದಲ್ಲಿ ಹುಟ್ಟಿದವರು ಆ ನೆಲದ ಪ್ರಜೆಗಳು, ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನ ಎಂದಿತು. 1870ರ ಹದಿನೈದನೆಯದು ಬಣ್ಣದ ಕಾರಣಕ್ಕೆ ಮತ ಕಸಿಯಬಾರದು ಎಂದಿತು.

ಈ ಸುದ್ದಿ ನಮ್ಮ ದೇಶಕ್ಕೂ ಮುಟ್ಟಿತ್ತು. 1873ರಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು, ಗುಲಾಮರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಪುಣೆಯಲ್ಲಿ ಕುಳಿತ ಒಬ್ಬ ಮಾಲಿ ಸಮುದಾಯದ ಶಿಕ್ಷಕ ಏಳು ಸಮುದ್ರದಾಚೆಯ ಚರಿತ್ರೆಯಿಂದ ಇಬ್ರತ್ ಪಡೆದ ರೀತಿ ಅದು.

ಆದರೆ ಫುಲೆಯವರು ಆ ಅರ್ಪಣೆ ಬರೆದ ನಾಲ್ಕೇ ವರ್ಷಕ್ಕೆ ಅಲ್ಲಿ ಗಾಳಿ ತಿರುಗಿತು. ಯುದ್ಧದ ನಂತರದ ಪುನರ್ನಿರ್ಮಾಣದ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಸುಮಾರು 2,000 ಕಪ್ಪು ಜನ ಸಾರ್ವಜನಿಕ ಹುದ್ದೆಗಳಿಗೆ ಬಂದಿದ್ದರು. 1870ರಲ್ಲಿ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಸೆನೆಟಿಗೂ ಹೋಗಿದ್ದರು. 1877ರಲ್ಲಿ ಕೇಂದ್ರದ ರಾಜಕಾರಣಿಗಳು ಒಳಒಪ್ಪಂದ ಮಾಡಿಕೊಂಡು, ಕಪ್ಪು ಜನರಿಗೆ ಕಾವಲಾಗಿದ್ದ ಸೈನ್ಯವನ್ನು ಹಿಂತೆಗೆದರು. ಆಮೇಲೆ ಒಂದೊಂದಾಗಿ ಬಾಗಿಲು ಮುಚ್ಚಿದವು. ಮತ ಹಾಕಲು ತೆರಿಗೆ ಕಟ್ಟಬೇಕು, ಓದು ಬರಹದ ಪರೀಕ್ಷೆ ಕೊಡಬೇಕು. ಕಾನೂನಿನಲ್ಲಿ ಬಣ್ಣದ ಹೆಸರೇ ಇಲ್ಲ, ಆದರೆ ಹೊರಗುಳಿದವರಲ್ಲಿ ಹೆಚ್ಚಿನವರು ಒಂದೇ ಬಣ್ಣದವರು. 1896ರಲ್ಲಿ ಸುಪ್ರೀಂ ಕೋರ್ಟ್ ಪ್ರತ್ಯೇಕ ರೈಲು ಡಬ್ಬಿಗಳನ್ನು ಸರಿ ಎಂದಿತು. ಅರ್ಜಿ, ನಮೂನೆ, ದಾಖಲೆಗಳ ಮೂಲಕವೇ ಮನುಷ್ಯನ ಹಕ್ಕು ಕಸಿಯಬಹುದು. ಅದಕ್ಕೆ ಸಂವಿಧಾನದ ಒಂದಕ್ಷರವನ್ನೂ ಅಳಿಸಬೇಕಾಗಿಲ್ಲ. ಇದು ಎರಡನೆಯ ಪಾಠ. ಒಮ್ಮೆ ಸಿಕ್ಕಿದ ಹಕ್ಕು ಕಾಯುವವರಿಲ್ಲದಿದ್ದರೆ ಜಾರಿಹೋಗುತ್ತದೆ ಎಂಬುದೂ ಅದರೊಳಗೇ ಇದೆ.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಈ ಅನ್ಯಾಯ ಬಂದೂಕಿನ ಬಲದಿಂದ ಮಾತ್ರ ನಿಂತಿರಲಿಲ್ಲ, ಪಠ್ಯಪುಸ್ತಕದ ಬಲವೂ ಅದಕ್ಕಿತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡನ್ನಿಂಗ್ ಮತ್ತವರ ಶಿಷ್ಯರು, ಕಪ್ಪು ಜನರಿಗೆ ಆಡಳಿತ ಕೊಟ್ಟಿದ್ದೇ ತಪ್ಪು, ಅದೊಂದು ಕರಾಳ ಕಾಲ ಎಂದು ಗ್ರಂಥಗಳನ್ನು ಬರೆದರು. ಸೋತ ದಕ್ಷಿಣದ ಸೇನಾನಿಗಳಿಗೆ ಊರೂರಲ್ಲಿ ಪ್ರತಿಮೆಗಳೆದ್ದವು. ದಕ್ಷಿಣದ ಮಹಿಳಾ ಸಂಘಟನೆಗಳು ಶಾಲಾ ಪುಸ್ತಕಗಳನ್ನು ಪರಿಶೀಲಿಸಿ, ಗುಲಾಮಗಿರಿಯನ್ನು ಕ್ರೂರವೆಂದು ಚಿತ್ರಿಸಿದವನ್ನು ದೂರ ಇಡಿಸಿದವು. 1915ರಲ್ಲಿ 'ದಿ ಬರ್ತ್ ಆಫ್ ಎ ನೇಷನ್' ಎಂಬ ಸಿನಿಮಾ ಕು ಕ್ಲಕ್ಸ್ ಕ್ಲಾನ್ ಎಂಬ ಕೊಲೆಗಡುಕ ಗುಂಪನ್ನು ವೀರರಂತೆ ತೋರಿಸಿತು, ಅದನ್ನು ಶ್ವೇತಭವನದಲ್ಲೂ ಪ್ರದರ್ಶಿಸಿದರು. ಎರಡು ಮೂರು ತಲೆಮಾರಿನ ಮಕ್ಕಳು ಸುಳ್ಳನ್ನೇ ಇತಿಹಾಸವೆಂದು ಓದಿ ಬೆಳೆದರು. 1935ರಲ್ಲಿ ವಿದ್ವಾಂಸ ಡುಬಾಯ್ಸ್ ಆ ಕಾಲದ ಬಗ್ಗೆ ದೊಡ್ಡ ಗ್ರಂಥ ಬರೆದು, ಅದರ ಕೊನೆಯ ಅಧ್ಯಾಯವನ್ನು ಪೂರ್ತಿಯಾಗಿ ಈ ಸುಳ್ಳು ಇತಿಹಾಸಕಾರರ ವಿಮರ್ಶೆಗೇ ಮೀಸಲಿಟ್ಟರು. ವಿಶ್ವವಿದ್ಯಾಲಯಗಳು ಅವರ ಮಾತನ್ನು ಒಪ್ಪಲು ಮತ್ತೆ ಕೆಲವು ದಶಕಗಳೇ ಬೇಕಾದವು. 1946ರಲ್ಲಿ ಇದೇ ಡುಬಾಯ್ಸ್‌ಗೆ ನಮ್ಮ ಡಾ. ಅಂಬೇಡ್ಕರ್ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂದು ತಿಳಿಸಿದರು. ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ್ದು ಅದೇ ಕೊಲಂಬಿಯಾದಲ್ಲಿ. ಡಿಗ್ರಿ ತೆಗೆದುಕೊಂಡು ಬರುವುದು ಬೇರೆ, ಕಣ್ಣು ತೆರೆದು ಬರುವುದು ಬೇರೆ.

ಈಗ ಅಣ್ಣ ಅಮೆರಿಕದಲ್ಲಿದ್ದಾನೆ ಎಂದ ಹುಡುಗನಿಗೊಂದು ಕಥೆ. ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿ ಸಿಖ್ಖರು 1913ರಲ್ಲಿ ಅಮೆರಿಕಕ್ಕೆ ಹೋದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸೈನ್ಯ ಸೇರಿದರು. ಪೌರತ್ವ ಬೇಡಿದರು. ಕಾನೂನಿನಲ್ಲಿ 'ಬಿಳಿಯ'ರಿಗೆ ಅವಕಾಶವಿತ್ತಷ್ಟೆ. ಬಣ್ಣದ ಆಧಾರದ ಕಾನೂನೇ ತಪ್ಪು ಎಂದು ಅವರು ವಾದಿಸಲಿಲ್ಲ. ತಾನು ಉನ್ನತ ಜಾತಿಯ ಆರ್ಯ, ಹಾಗಾಗಿ ತಾನೂ ಬಿಳಿಯನೇ ಎಂದು ವಾದಿಸಿದರು. 1923ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ವಿದ್ವಾಂಸರ ಆರ್ಯ ಸಿದ್ಧಾಂತ ಏನೇ ಇರಲಿ, ಸಾಮಾನ್ಯ ಜನರ ಕಣ್ಣಿಗೆ ನೀವು ಬಿಳಿಯರಲ್ಲ ಎಂಬುದು ತೀರ್ಪಿನ ಸಾರ. ಆಮೇಲೆ ಸರಕಾರ, ಆಗಲೇ ಪ್ರಜೆಗಳಾಗಿದ್ದ ಭಾರತೀಯರ ಪೌರತ್ವವನ್ನೂ ಕಸಿಯತೊಡಗಿತು. ಅವರಲ್ಲಿ ಒಬ್ಬರು ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ. ಪೌರತ್ವ ಹೋಯಿತು, ಆಸ್ತಿಯ ಹಕ್ಕು ಹೋಯಿತು, ಹೆಂಡತಿ ಮಕ್ಕಳೊಂದಿಗೆ ಯಾವ ದೇಶಕ್ಕೂ ಸೇರದವರಾದರು. 1928ರಲ್ಲಿ ಅವರು ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡರು. ಏಣಿಯ ಮೇಲಿನ ಮೆಟ್ಟಿಲಿನಲ್ಲಿ ನನಗೊಂದು ಜಾಗ ಕೊಡಿ ಎಂದು ಬೇಡುವವನು ಏಣಿಯನ್ನು ಒಪ್ಪಿಕೊಂಡಂತೆಯೇ. ಮೇಲಿನವರು ಒದ್ದರೆ ಆಗ ಅವನ ಪರ ನಿಲ್ಲಲು ಕೆಳಗಿನವರೂ ಇರುವುದಿಲ್ಲ. ಜಾತಿಯ ಹೆಮ್ಮೆಯನ್ನು ಪಾಸ್‌ಪೋರ್ಟಿನ ಜೊತೆಗೇ ಒಯ್ಯುವ ನಮ್ಮವರು ಥಿಂದ್ ಮೊಕದ್ದಮೆಯನ್ನು ಎರಡು ಸಲ ಓದಬೇಕು. ಅಶ್ರಾಫ್, ಅಜ್ಲಾಫ್ ಎಂದು ಲೆಕ್ಕ ಹಾಕುವ ನಮ್ಮ ಮುಸಲ್ಮಾನರೂ ಓದಬೇಕು.

ಭಾರತೀಯರಿಗೆ ಅಲ್ಲಿ ಪೌರತ್ವದ ದಾರಿ ತೆರೆದದ್ದು 1946ರಲ್ಲಿ. ಆಗಲೂ ವರ್ಷಕ್ಕೆ ವಲಸೆಗೆ ಅವಕಾಶ ನೂರು ಜನರಿಗಷ್ಟೆ. ನಿಜವಾಗಿ ಬಾಗಿಲು ತೆರೆದದ್ದು 1965ರ ಅಕ್ಟೋಬರಿನಲ್ಲಿ ಬಂದ ವಲಸೆ ಕಾನೂನಿನಿಂದ. ಆ ವರ್ಷವನ್ನು ಗಮನಿಸಿ. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು, 1965ರ ಆಗಸ್ಟ್‌ನಲ್ಲಿ ಮತದಾನ ಹಕ್ಕಿನ ಕಾನೂನು, ಅದರ ಬೆನ್ನಿಗೆ ಈ ವಲಸೆ ಕಾನೂನು. ಕಪ್ಪು ಜನ ಬೀದಿಯಲ್ಲಿ ಲಾಠಿ ತಿಂದು, ಪೊಲೀಸ್ ನಾಯಿಗಳಿಂದ ಕಚ್ಚಿಸಿಕೊಂಡು ದೇಶದ ಆತ್ಮಸಾಕ್ಷಿಯನ್ನು ಎಚ್ಚರಿಸಿದ್ದರಿಂದಲೇ ಮನುಷ್ಯರನ್ನು ಜನಾಂಗದ ಆಧಾರದ ಮೇಲೆ ಅಳೆಯುವ ವಲಸೆ ನೀತಿಯನ್ನೂ ಸಮರ್ಥಿಸಿಕೊಳ್ಳುವುದು ಅಸಾಧ್ಯವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿ ದಸರಾ, ರಾಜ್ಯೋತ್ಸವ, ಈದ್ ಆಚರಿಸುವ ನಮ್ಮ ಕನ್ನಡಿಗರು ಯಾರ ಋಣದಲ್ಲಿದ್ದಾರೆ ಎಂಬುದು ವೀಸಾದ ಮೇಲೆ ಅಚ್ಚಾಗಿರುವುದಿಲ್ಲ. ಇತಿಹಾಸ ಓದಿದರೆ ಮಾತ್ರ ತಿಳಿಯುತ್ತದೆ.

ಆ ಹೋರಾಟಕ್ಕೆ ಕಾಲೇಜು ಹುಡುಗರೇ ಕಿಡಿ ಹೊತ್ತಿಸಿದ ಒಂದು ದಿನವಿದೆ. 1960ರ ಫೆಬ್ರವರಿ 1. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ಊರಿನಲ್ಲಿ ಮೊದಲ ವರ್ಷದ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್ವರ್ತ್ ಅಂಗಡಿಗೆ ಹೋದರು. ಅಲ್ಲಿ ಅವರಿಗೆ ಸಾಮಾನು ಮಾರುತ್ತಿದ್ದರು, ಆದರೆ ಊಟದ ಕೌಂಟರಿನಲ್ಲಿ ಕೂರಲು ಬಿಡುತ್ತಿರಲಿಲ್ಲ. ನಾಲ್ವರೂ ಹೋಗಿ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೆ ಕುಳಿತೇ ಇದ್ದರು. ಮರುದಿನ ಇನ್ನಷ್ಟು ಜನ ಬಂದರು, ವಾರದ ಕೊನೆಗೆ ನೂರಾರು ಜನ. ಚಳವಳಿ ಊರಿಂದೂರಿಗೆ ಹಬ್ಬಿತು. ಜುಲೈ 25ರಂದು ಆ ಕೌಂಟರ್ ಎಲ್ಲರಿಗೂ ತೆರೆಯಿತು. ಆ ನಾಲ್ವರಲ್ಲಿ ಒಬ್ಬರಾದ ಎಜೆಲ್ ಬ್ಲೇರ್ ಮುಂದೆ ಇಸ್ಲಾಮ್ ಸ್ವೀಕರಿಸಿ ಜಿಬ್ರೀಲ್ ಖಜಾನ್ ಎಂಬ ಹೆಸರು ಪಡೆದರು. ಅದೇ ಕಾಲದಲ್ಲಿ ನ್ಯಾಶ್‌ವಿಲ್ ನಗರದ ವಿದ್ಯಾರ್ಥಿಗಳಿಗೆ ಹೊಡೆತ ತಿಂದರೂ ಕೈ ಎತ್ತದಿರುವ ಶಿಸ್ತನ್ನು ಕಲಿಸಿದ ಜೇಮ್ಸ್ ಲಾಸನ್, ಅದಕ್ಕೆ ಮೊದಲು ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲವು ವರ್ಷ ಇದ್ದು ಗಾಂಧೀಜಿಯ ಮಾರ್ಗವನ್ನು ಅಭ್ಯಾಸ ಮಾಡಿ ಹೋಗಿದ್ದವರು. ನಾವು ಕಳುಹಿಸಿದ ಬೀಜ ಅಲ್ಲಿ ಮರವಾಯಿತು. ಇಲ್ಲಿ ಅದರ ಗತಿ ಏನಾಗಿದೆ ಎಂದು ನಾವೇ ನೋಡಿಕೊಳ್ಳಬೇಕು.

ಕೊನೆಯದಾಗಿ ಒಬ್ಬ ಬೆಸುಗೆ ಕೆಲಸದವನ ಕಥೆ. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರಲ್ಲಿ, ಅದೂ ಫೆಬ್ರವರಿ 19ರಂದೇ, ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಲ್ಲೇ ಹುಟ್ಟಿದ ಪ್ರಜೆಗಳು. ಯಾರ ಮೇಲೂ ವಿಚಾರಣೆಯಿಲ್ಲ. ಶತ್ರುವಿನ ಮುಖ ಹೋಲುವುದೇ ಅಪರಾಧ. ಫ್ರೆಡ್ ಕೋರೆಮಾಟ್ಸು ಎಂಬ ಇಪ್ಪತ್ಮೂರರ ತರುಣ ಹೋಗಲೊಲ್ಲೆ ಎಂದ. ಬಂಧಿಸಿದರು. 1944ರಲ್ಲಿ ಸುಪ್ರೀಂ ಕೋರ್ಟ್ ಆರು ಮೂರರ ಬಹುಮತದಿಂದ ಸರಕಾರವೇ ಸರಿ ಎಂದಿತು. ಭಿನ್ನಮತ ಬರೆದ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್, ಇಂಥ ತೀರ್ಪು ಗುಂಡು ತುಂಬಿಟ್ಟ ಆಯುಧದಂತೆ ಬಿದ್ದಿರುತ್ತದೆ, ಮುಂದೆ ಯಾರಾದರೂ ಎತ್ತಿಕೊಳ್ಳಬಹುದು ಎಂದು ಎಚ್ಚರಿಸಿದರು.

ನಲವತ್ತು ವರ್ಷ ಕಳೆಯಿತು. ಶಿಬಿರದಲ್ಲೇ ಯೌವನ ಕಳೆದಿದ್ದ ಐಕೊ ಹರ್ಜಿಗ್ ಯೋಶಿನಾಗ ಎಂಬ ಮಹಿಳೆ ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿ ದಿನಗಟ್ಟಲೆ ಕಾಗದ ಹುಡುಕಿದರು. ಸರಕಾರ ಅಂದು ಕೋರ್ಟಿನಿಂದ ಸತ್ಯವನ್ನು ಮುಚ್ಚಿಟ್ಟಿದ್ದಕ್ಕೆ ಪುರಾವೆಗಳು ಸಿಕ್ಕವು. 1983ರಲ್ಲಿ ಕೋರೆಮಾಟ್ಸು ಮೇಲಿನ ಶಿಕ್ಷೆ ರದ್ದಾಯಿತು. 1988ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ಅಧಿಕೃತವಾಗಿ ಕ್ಷಮೆ ಕೇಳಿ, ಬದುಕುಳಿದಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಟ್ಟಿತು. 2001ರ ಸೆಪ್ಟೆಂಬರ್ ನಂತರ ಮುಸಲ್ಮಾನರ ಮೇಲೆ ಸಂಶಯದ ಕಣ್ಣು ಬಿದ್ದಾಗ ಮೊದಲು ಬೆಂಬಲಕ್ಕೆ ಬಂದವರಲ್ಲಿ ಜಪಾನಿ ಮೂಲದ ಅಮೆರಿಕನ್ನರಿದ್ದರು. ಎಂಬತ್ತು ದಾಟಿದ್ದ ಕೋರೆಮಾಟ್ಸು, ಗ್ವಾಂಟಾನಾಮೊದಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಮುಸ್ಲಿಂ ಕೈದಿಗಳ ಪರವಾಗಿ ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸಿದರು. ಆತನಿಗೂ ಆ ಕೈದಿಗಳಿಗೂ ಧರ್ಮದ ನಂಟಿಲ್ಲ, ಭಾಷೆಯ ನಂಟಿಲ್ಲ. ತನಗಾದದ್ದು ಇನ್ನೊಬ್ಬರಿಗೆ ಆಗಬಾರದು ಎಂಬ ಒಂದೇ ನಂಟು. ನಮಗೆ ಅನ್ಯಾಯವಾದಾಗ ಕೂಗುವುದು ಸಹಜ. ಇನ್ನೊಬ್ಬರಿಗಾದಾಗ ಕೂಗುವವನೇ ಇತಿಹಾಸ ಕಲಿತವನು. ನಮ್ಮ ಸಮುದಾಯದವರು ಈ ಮುದುಕನ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಇದೆಲ್ಲ ಮುಗಿದ ಕಥೆಯೇನಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್, ಕೋರೆಮಾಟ್ಸು ತೀರ್ಪು ತಪ್ಪು ಎಂದು ಬಾಯಿಬಿಟ್ಟು ಹೇಳಿತು. ಆದರೆ ಹೇಳಿದ್ದು, ಬಹುತೇಕ ಮುಸ್ಲಿಂ ದೇಶಗಳವರ ಪ್ರವೇಶವನ್ನು ನಿರ್ಬಂಧಿಸಿದ ಆದೇಶವನ್ನು ಎತ್ತಿಹಿಡಿದ ತೀರ್ಪಿನಲ್ಲೇ! 2013ರಲ್ಲಿ ಅದೇ ಕೋರ್ಟ್ 1965ರ ಮತದಾನ ಕಾನೂನಿನ ಒಂದು ಮುಖ್ಯ ರಕ್ಷಣೆಯನ್ನು ನಿಷ್ಫಲಗೊಳಿಸಿತು. 1898ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಚೀನೀ ಮೂಲದ ಅಡುಗೆಯವ ವಾಂಗ್ ಕಿಮ್ ಆರ್ಕ್ ಹೋರಾಡಿ, ಅಲ್ಲಿ ಹುಟ್ಟಿದ ಮಗು ಅಲ್ಲಿನ ಪ್ರಜೆ ಎಂಬ ತೀರ್ಪು ಪಡೆದಿದ್ದ. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್, ತಾತ್ಕಾಲಿಕ ವೀಸಾದ ಮೇಲಿರುವವರ ಮಕ್ಕಳಿಗೆ ಆ ಹಕ್ಕನ್ನು ನಿರಾಕರಿಸುವ ಆದೇಶ ಹೊರಡಿಸಿದಾಗ ಬೆಂಗಳೂರು, ಮೈಸೂರಿನ ಎಷ್ಟೋ ಅಜ್ಜಿ ತಾತಂದಿರ ಎದೆ ಧಸಕ್ಕೆಂದಿತು. ಆದೇಶಕ್ಕೆ ಹಲವು ನ್ಯಾಯಾಧೀಶರು ತಡೆ ಹಾಕಿದರು. ಅವರು ಆಧಾರವಾಗಿಟ್ಟುಕೊಂಡದ್ದು ಆ ಅಡುಗೆಯವನ ಮೊಕದ್ದಮೆಯನ್ನೇ. ಅದೇ ವರ್ಷದ ಮಾರ್ಚ್‌ನಲ್ಲಿ ವಸ್ತುಸಂಗ್ರಹಾಲಯಗಳು ಚರಿತ್ರೆಯನ್ನು ಹೇಗೆ ತೋರಿಸಬೇಕು ಎಂಬುದರ ಮೇಲೂ ಆದೇಶ ಬಂತು. ಚರಿತ್ರೆಯನ್ನು ಹಿಡಿಯಲು ಅಧಿಕಾರ ಇಷ್ಟೊಂದು ಹಟ ತೊಡುತ್ತದೆಂದರೆ, ಚರಿತ್ರೆ ಪರೀಕ್ಷೆಗಷ್ಟೇ ಇರುವ ವಿಷಯವಲ್ಲ ಎಂದಾಯಿತಲ್ಲ?

ಈಗ ಆ ಮೂವರಿಗೆ ಉತ್ತರಿಸಬಹುದೆನಿಸುತ್ತದೆ. ಅಣ್ಣನ ದೇಶಕ್ಕೆ ಹೋಗಬೇಕೆಂದವನೇ, ಹೋಗು, ಅಲ್ಲಾಹ್ ನಿನಗೆ ಬರಕತ್ ಕೊಡಲಿ. ಆದರೆ ಆ ಬಾಗಿಲನ್ನು ಯಾರು ರಕ್ತ ಸುರಿಸಿ ತೆರೆದರೆಂದು ತಿಳಿದುಕೊಂಡು ಹೋಗು. ಇರಾಕಿಗಾಗಿ ನೊಂದವನೇ, ನಿನ್ನ ನೋವು ಸುಳ್ಳಲ್ಲ. ಆದರೆ ಒಂದು ದೇಶವೆಂದರೆ ಅದರ ಬಾಂಬು ಮಾತ್ರವಲ್ಲ. ಟೇನಿಯ ದೇಶವೇ ಡುಬಾಯ್ಸ್‌ನ ದೇಶ, ಶಿಬಿರ ಕಟ್ಟಿದವರ ದೇಶವೇ ಕೋರೆಮಾಟ್ಸುವಿನ ದೇಶ. ಬೇರೆಯವರು ನಮ್ಮನ್ನೆಲ್ಲ ಒಂದೇ ಮುಖದಲ್ಲಿ ನೋಡಿದಾಗ ನಮಗೆ ನೋವಾಗುವುದಿಲ್ಲವೇ? ಅದೇ ತಪ್ಪನ್ನು ನಾವು ಮಾಡಬಾರದು.

ಇನ್ನು ಪರೀಕ್ಷೆಗೆ ಯಾವುದು ಮುಖ್ಯ ಎಂದು ಕೇಳಿದ ಮಗಳೇ, ನಮ್ಮ ಸಂವಿಧಾನದ ಪೀಠಿಕೆಯೂ 'ನಾವು' ಎಂಬ ಅರ್ಥದ ಮಾತಿನಿಂದಲೇ ಶುರುವಾಗುತ್ತದೆ. ಆ ಪದದೊಳಗೆ ಯಾರಿದ್ದಾರೆ, ಯಾರನ್ನು ಮೆಲ್ಲಗೆ ಹೊರಗೆ ದಬ್ಬಲಾಗುತ್ತಿದೆ ಎಂದು ಪ್ರತಿ ತಲೆಮಾರೂ ಕೇಳಿಕೊಳ್ಳಬೇಕು. ಗೈಡಿನಲ್ಲಿ ಈ ಪ್ರಶ್ನೆ ಇರಲಿಕ್ಕಿಲ್ಲ. ಆದರೂ ಓದಿಕೊಂಡಿರು. ಬದುಕಿನಲ್ಲಿ ಇದು ಯಾವತ್ತಾದರೂ ಬಂದೇ ಬರುತ್ತದೆ.